ಮಾವನ ಪಿಕಪ್ಪಿನ ಕೆಂಪು ದೀಪ

ದೆವ್ವವನ್ನು ನಂಬುವವರಿಗೆ ಒಂದು ದೊಡ್ಡ ಅನುಕೂಲವಿದೆ. ಹೆದರಿಕೆಯಾದರೆ ನಾಲ್ಕು ಜನರ ಹತ್ತಿರ ಹೇಳಿಕೊಂಡು ಹಗುರಾಗಬಹುದು. ನನ್ನಂತೆ, ಅದೆಲ್ಲ ಸುಳ್ಳು ಎಂದು ಊರಿಗೆಲ್ಲ ಸಾರಿಕೊಂಡು ಬಂದವನು ಹೆದರಿದರೆ, ಬೆವರು ಒರೆಸಿಕೊಂಡು ಸೆಕೆಯೆಂದು ಹೇಳಬೇಕಾಗುತ್ತದೆ. ಹೋದ ಮಾಘದ ಚಳಿಯಲ್ಲೂ ನಾನು ಹಾಗೆಯೇ ಹೇಳುತ್ತಿದ್ದೆ.

ಡೊಂಬಿವಲಿಯ ಎಂಐಡಿಸಿ ಎಂಬ ಕಾರ್ಖಾನೆಗಳ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಹೋಟೆಲಿದೆ. ನಮ್ಮದು ಎನ್ನುವುದು ನನ್ನ ಬಡಾಯಿ; ಅದನ್ನು ಕಟ್ಟಿದವರು ಉಡುಪಿಯಿಂದ ಬಂದ ನನ್ನ ಮಾವ, ಹೆಂಡತಿಯ ಅಪ್ಪ. ಅವರು ತೀರಿಕೊಂಡ ಮೇಲೆ ಗಲ್ಲಾಪೆಟ್ಟಿಗೆ, ಅತ್ತೆ ಮತ್ತು ಒಂದು ಹಳೆಯ ಪಿಕಪ್ ಗಾಡಿ ನನ್ನ ಪಾಲಿಗೆ ಬಂದವು. ಆ ಗಾಡಿಯಲ್ಲಿ ದಿನವೂ ಮಹಾಪೆಯ ಕಂಪನಿಯೊಂದರ ಕ್ಯಾಂಟೀನಿಗೆ ಊಟ ಒಯ್ಯುವುದು ನನ್ನ ಕೆಲಸ. ಮಾವನ ಕಾಲದಲ್ಲಿ ಅದು ಹೊಗೆ ಬಿಡುತ್ತ ಮನಸಾರೆ ಆಯಿಲ್ ಕುಡಿಯುತ್ತಿತ್ತು. ನಾನು ಅದಕ್ಕೆ ಹೊಸ ಪಿಸ್ಟನ್ ರಿಂಗ್ ಹಾಕಿಸಿ ಆ ಚಟ ಬಿಡಿಸಿದೆ. ಅಲ್ಲಿಂದಲೇ ಶುರುವಾಯಿತು ಕಾಟ.

ದಾರಿಯಲ್ಲಿ ಸಿಗುವ ಶೀಳ್ ಫಾಟಾದ ಸಿಗ್ನಲ್ಲಿನಲ್ಲಿ ಗಾಡಿ ನಿಂತರೆ ಸಾಕು, ಡ್ಯಾಶ್‌ಬೋರ್ಡಿನ ಮೇಲೆ ಆಯಿಲ್ ಪ್ರೆಶರಿನ ಕೆಂಪು ದೀಪ ಹತ್ತುತ್ತಿತ್ತು. ಬೇರೆಲ್ಲೂ ಇಲ್ಲ, ಅಲ್ಲೇ. ಮಾವ ಕೊನೆಯ ಸಲ ಎದೆ ಹಿಡಿದುಕೊಂಡು ಗಾಡಿ ನಿಲ್ಲಿಸಿದ್ದೂ ಅಲ್ಲೇ. ದೀಪ ಹತ್ತಿದಾಗ ಪಕ್ಕದ ಸೀಟಿನ ಕಡೆ ನೋಡಬಾರದು ಎಂದುಕೊಳ್ಳುತ್ತಿದ್ದೆ, ನೋಡುತ್ತಿದ್ದೆ. ಅಲ್ಲಿ ಸಾಂಬಾರಿನ ಡಬ್ಬಿ ಬಿಟ್ಟರೆ ಯಾರೂ ಇರುತ್ತಿರಲಿಲ್ಲ. ಆದರೂ ಮೈ ಜುಂ ಎನ್ನುತ್ತಿತ್ತು.

ಗ್ಯಾರೇಜಿನ ಇಕ್ಬಾಲ್ ಭಾಯ್ ನನ್ನ ಧೈರ್ಯಕ್ಕೆ ಆಧಾರವಾದ. ಇಂಜಿನ್ ಚೆನ್ನಾಗಿ ಕಾದ ಮೇಲೆ ಮೊದಲು ನಿಲ್ಲುವ ಜಾಗ ಅದು, ಪ್ರೆಶರ್ ಇಳಿಯುವುದು ಆಗಲೇ ಎಂದ. ಅಳತೆಯ ಕಡ್ಡಿ ತೆಗೆದು ನೋಡಿದರೆ ಆಯಿಲ್ ಕಡಿಮೆಯಾಗಿರಲಿಲ್ಲ, ಗೆರೆ ದಾಟಿ ತುಂಬಿತ್ತು. ಹೆಚ್ಚಾದ ಆಯಿಲನ್ನು ಇಂಜಿನ್ ಕಡೆದು ನೊರೆ ಮಾಡುತ್ತದೆ, ನೊರೆ ಪಂಪಿಗೆ ಸಿಗುವುದಿಲ್ಲ ಎಂದು ವಿವರಿಸಿದ. ಕಾಫಿಯ ನೊರೆ ಕುಡಿದು ಯಾರ ಹೊಟ್ಟೆ ತುಂಬಿದೆ? ನನಗೆ ಚೆನ್ನಾಗಿ ಅರ್ಥವಾಯಿತು. ಅವನು ಅದನ್ನು ಗೆರೆಗೆ ಇಳಿಸಿ, ಗೇಜ್ ಹಚ್ಚಿ ಪರೀಕ್ಷಿಸಿದ. ಪ್ರೆಶರ್ ಸರಿಯಾಗಿತ್ತು, ದೀಪವೂ ಆರಿತು.

ವಾರ ಕಳೆಯುವುದರೊಳಗೆ ಆಯಿಲ್ ಮತ್ತೆ ಗೆರೆ ದಾಟಿತ್ತು. ಇಂಜಿನ್ ಆಯಿಲ್ ಕುಡಿಯುವುದನ್ನು ಕೇಳಿದ್ದೇವೆ, ಹೆರುವುದನ್ನು ಯಾರು ಕೇಳಿದ್ದಾರೆ? ಡೀಸೆಲೋ ನೀರೋ ಸೇರುತ್ತಿರಬೇಕೆಂದು ಇಕ್ಬಾಲ್ ಬೆರಳಿಗೆ ಹಚ್ಚಿ ಮೂಸಿದ, ಬಿಳಚಿದೆಯೇ ಎಂದು ಬಿಸಿಲಿಗೆ ಹಿಡಿದ. ಶುದ್ಧ ಆಯಿಲ್. ಅವನ ಮುಖ ಸಣ್ಣದಾಯಿತು. ಈ ಗಾಡಿ ಮೊದಲು ಯಾರದ್ದು, ಅವರು ಏನಾದರು ಎಂದು ಕೇಳಿದ. ಹೇಳಿದೆ. ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, “ಅಣ್ಣಾ, ಇಸ್ಕೊ ಬೇಚ್ ಡಾಲೋ” ಎಂದ.

ಮಾರಲು ಪಕ್ಕದ ಊರು ಕಲ್ಯಾಣದ ಒಬ್ಬ ಗಿರಾಕಿಯನ್ನೂ ಗೊತ್ತುಮಾಡಿದೆ. ಅತ್ತೆಗೆ ಮಾತ್ರ ಹೇಳಲು ಬಾಯಿ ಬರಲಿಲ್ಲ. ಮಾವ ಹೋದ ಮೇಲೆ ಅವರು ಯಾವುದಕ್ಕೂ ಆಸೆಪಟ್ಟವರಲ್ಲ. ಈ ಗಾಡಿಯ ಹಾರ್ನ್ ಕೇಳಿದರೆ ಮಾತ್ರ ಈಗಲೂ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಅದನ್ನು ಅವರಿಂದ ಕಸಿದುಕೊಳ್ಳುವುದು ನನಗೆ ದೆವ್ವಕ್ಕಿಂತ ದೊಡ್ಡ ಭಯವಾಗಿತ್ತು.

ಗಿರಾಕಿ ಬರುವ ಹಿಂದಿನ ಸಂಜೆ ಗಾಡಿಯ ಕಾಗದ ತರಲೆಂದು ಕಟ್ಟಡದ ಹಿಂದಕ್ಕೆ ಹೋದೆ. ಕರೆಂಟಿರಲಿಲ್ಲ. ಕಾರ್ಖಾನೆಯ ಕಡೆಯಿಂದ ಹುಳಿ ವಾಸನೆ ಬರುತ್ತಿತ್ತು. ಬಾನೆಟ್ ತೆರೆದಿತ್ತು, ಅದರೊಳಗೆ ಬಿಳಿಯದೇನೋ ಬಗ್ಗಿತ್ತು. ಓಡಬೇಕೆಂದುಕೊಂಡವನು ಮೊಬೈಲಿನ ಬೆಳಕು ಹಿಡಿದೆ.

ಅತ್ತೆ! ದೇವರಿಗೆ ದೀಪ ಹಚ್ಚಿ ಬಂದು, ಸೆರಗು ಸಿಕ್ಕಿಸಿಕೊಂಡು, ಮಾವನ ಆಯಿಲ್ ಡಬ್ಬಿಯಿಂದ ಲೋಟದಲ್ಲಿ ಅಳೆದು ಇಂಜಿನ್ನಿಗೆ ಸುರಿಯುತ್ತಿದ್ದರು. ನನ್ನನ್ನು ನೋಡಿ ಬೆಚ್ಚಲಿಲ್ಲ.

“ಸಂಜೆಗೆ ಅವರು ದಿನಾ ಹಾಕ್ತಿದ್ರಲ್ಲ, ನಾನು ಬಿಟ್ಟದ್ದಿಲ್ಲ. ಕೆಂಪು ದೀಪ ಹತ್ತುದು ಅಂತ ನೀವೇ ಇಕ್ಬಾಲ್ ಹತ್ರ ಫೋನಲ್ಲಿ ಹೇಳ್ತಿದ್ರಲ್ಲ? ಎಣ್ಣೆ ಕೇಳುದು ಅದು. ದೀಪ ಕೇಳ್ತಾ ಇರುವಾಗ ಹಾಕದೆ ಇರ್ಲಿಕ್ಕೆ ಆಗ್ತದಾ?”

ಡ್ಯಾಶ್‌ಬೋರ್ಡಿನಲ್ಲಿ ಹತ್ತುವ ಆ ಕೆಂಪು ಚಿತ್ರ ನಿಜಕ್ಕೂ ಕುಡಿ ಬಾಗಿದ ಹಣತೆಯ ಹಾಗೆಯೇ ಇದೆ. ಅತ್ತೆ ಎಣ್ಣೆ ಹಾಕಿದಷ್ಟೂ ಅದು ಹತ್ತುತ್ತಿತ್ತು, ಹತ್ತಿದಷ್ಟೂ ಅವರು ಹಾಕುತ್ತಿದ್ದರು. ಹೊಸ ರಿಂಗಿನ ವಿಷಯ ಅವರಿಗೆ ಹೇಳಬೇಕೆಂದು ನನಗೆ ತೋಚಿರಲೇ ಇಲ್ಲ. ಈಗ ನಿಧಾನವಾಗಿ ಹೇಳಿದೆ. ಅವರು ಲೋಟ ಕೆಳಗಿಟ್ಟರು.

“ಹಾಗಾದ್ರೆ ಇನ್ನು ಅವರ ಗಾಡಿಗೆ ನಾನು ಮಾಡುವಂಥದ್ದು ಎಂತದೂ ಇಲ್ಲ.”

ನಾನು ಅಳತೆಯ ಕಡ್ಡಿಯನ್ನು ಎಳೆದು ಅವರ ಕೈಗೆ ಕೊಟ್ಟೆ. ಕಡ್ಡಿ ಒರೆಸಿ ಗೆರೆ ನೋಡುವ ಕೆಲಸ ನಿಮ್ಮದೇ ಇರಲಿ ಎಂದೆ. ಗಿರಾಕಿಗೆ ಫೋನ್ ಮಾಡಿ ಬರಬೇಡ ಎಂದೆ, ಇಕ್ಬಾಲ್ ಕೈಯಿಂದ ಹೆಚ್ಚಿನ ಆಯಿಲ್ ತೆಗೆಸಿದೆ. ಅಂದಿನಿಂದ ಅತ್ತೆ ಸಂಜೆ ಗೆರೆ ನೋಡಿ ಬಂದು ‘ಸರಿ ಉಂಟು’ ಎನ್ನುತ್ತಾರೆ.

ಈಗ ಶೀಳ್ ಫಾಟಾದಲ್ಲಿ ದೀಪ ಹತ್ತುವುದಿಲ್ಲ. ಹತ್ತದ ದೀಪವನ್ನು ನೋಡುತ್ತ ಕೂತರೆ ಏನೋ ಕಳೆದುಕೊಂಡಂತಾಗುತ್ತದೆ. ಸಿಗ್ನಲ್ ಬಿಡುವವರೆಗೆ ಪಕ್ಕದ ಸೀಟಿನ ಡಬ್ಬಿಯನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟುಕೊಂಡು ಅಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಡುತ್ತೇನೆ. ಯಾರಾದರೂ ಕೇಳಿದರೆ ಸಾಂಬಾರು ತುಳುಕಬಾರದಲ್ಲ ಎನ್ನುತ್ತೇನೆ.