ಚಿಕ್ಕಮ್ಮ ಓದಿದ ಗೋಡೆಗಳು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರು ತಾಲೂಕುಗಳಲ್ಲಿ ಎಲ್ಲಿ ಚಪ್ಪರ ಎದ್ದರೂ ಅದರಡಿಯಲ್ಲಿ ನನ್ನ ಚಿಕ್ಕಮ್ಮ ಸಿಗುತ್ತಾಳೆ. ಮದುವೆ, ಸೀಮಂತ, ಗೃಹಪ್ರವೇಶ, ಕೊನೆಗೆ ಉತ್ತರಕ್ರಿಯೆಯ ಊಟವಾದರೂ ಸರಿ. ಅವಳು ಬರದಿದ್ದರೆ ಕಾರ್ಯ ನಡೆದದ್ದೇ ಸುಳ್ಳು ಎಂದು ವಾದಿಸುವವರಿದ್ದಾರೆ. ಒಂದೇ ದಿನ ಮೂರು ಕಡೆಯಿಂದ ಊಟದ ಹೇಳಿಕೆ ಬಂದರೆ ನೀವು ನಾವಾದರೆ ಏನು ಮಾಡುತ್ತೇವೆ? ಹತ್ತಿರದ್ದಕ್ಕೆ ಹೋಗಿ ಉಳಿದವರಿಗೆ ಫೋನಿನಲ್ಲಿ ಜ್ವರ ಎನ್ನುತ್ತೇವೆ. ಚಿಕ್ಕಮ್ಮ ಹಾಗಲ್ಲ. ಒಂದರ ಮುಹೂರ್ತ, ಇನ್ನೊಂದರ ಊಟ, ಮೂರನೆಯದರ ಐಸ್‌ಕ್ರೀಮು!

ಅಂಥವಳು ಐವತ್ತರ ಸುಮಾರಿಗೆ ಎಂ.ಎ. ಮಾಡಲು ಹೊರಟಳು. ಅದೂ ಯಾವಾಗ? ಬಂಟ್ವಾಳದ ಮನೆಯ ರಿಪೇರಿ ಶುರುವಾಗಿ, ಅಡುಗೆಮನೆಯ ಗೋಡೆ ಬಿದ್ದು, ಗ್ಯಾಸ್ ಒಲೆ ಜಗಲಿಗೆ ಬಂದು ಕೂತ ವಾರದಲ್ಲಿ. ಕುವೈತಿನಿಂದ ಕೆಲಸ ಮುಗಿಸಿ ಬಂದಿದ್ದ ಚಿಕ್ಕಪ್ಪ ಸಿಮೆಂಟಿನ ಧೂಳಿನಲ್ಲಿ ನಿಂತು, "ಇದು ಮುಗಿದ ಮೇಲೆ ಓದಬಹುದಿತ್ತಲ್ಲ ಮಾರಾಯ್ತಿ" ಎಂದರು.

"ಇದು ಮುಗಿಯುವಾಗ ನನಗೆ ಎಪ್ಪತ್ತಾಗ್ತದೆ. ಕನ್ನಡಕ ಹಾಕಿದ್ರೂ ಕಾಣ್ಲಿಕ್ಕಿಲ್ಲ" ಎಂದಳು ಚಿಕ್ಕಮ್ಮ.

ಅವಳ ಅವಸರಕ್ಕೆ ಕಾರಣವಿತ್ತು. ನಾನು ತೊಟ್ಟಿಲಲ್ಲಿರುವಾಗಲೇ ನನ್ನ ಅಮ್ಮ ತೀರಿಹೋದಳು. ಅಪ್ಪ ಹಡಗಿನ ಕೆಲಸದವರು, ವರ್ಷಕ್ಕೊಮ್ಮೆ ಬಂದರೆ ಬಂದರು. ಆಗ ಎಂ.ಎ. ಮೊದಲ ವರ್ಷದಲ್ಲಿದ್ದ ಅಮ್ಮನ ತಂಗಿ ಪುಸ್ತಕ ಕೆಳಗಿಟ್ಟು ನನ್ನನ್ನು ಎತ್ತಿಕೊಂಡಳು. ಚಿಕ್ಕಪ್ಪ ಅವಳನ್ನು ಮದುವೆಯಾದಾಗ ಮದುಮಗಳ ಜೊತೆಗೆ ಬಂದ ಬಳುವಳಿ ನಾನೇ. ಕೆಳಗಿಟ್ಟ ಪುಸ್ತಕವನ್ನು ಅವಳು ಮತ್ತೆ ತೆಗೆದದ್ದು ಈಗ.

ಓದಬೇಕಾದದ್ದು ಇತಿಹಾಸ. ಆದರೆ ಎಲ್ಲಿ ಕೂತು ಓದುವುದು? ಕುರ್ಚಿಯ ಮೇಲೆ ಪಾತ್ರೆಗಳ ರಾಶಿ, ಮೇಜಿನ ಮೇಲೆ ಟೈಲ್ಸು, ಮಂಚದ ಮೇಲೆ ಬಚ್ಚಲಿನ ನಲ್ಲಿಗಳು. ಚಿಕ್ಕಮ್ಮ ಸುತ್ತ ನೋಡಿದಳು. ಮನೆಯಲ್ಲಿ ಖಾಲಿ ಇದ್ದದ್ದು ಗೋಡೆ ಮಾತ್ರ. ಹೇಗೂ ಪೈಂಟ್ ಆಗಲಿಕ್ಕಿದೆ ಎಂದು ಇದ್ದಿಲು ಹಿಡಿದು ಬರೆಯತೊಡಗಿದಳು. ಮೌರ್ಯರು ಅಡುಗೆಮನೆಗೆ ಹೋದರು, ಚಾಲುಕ್ಯರು ಮಲಗುವ ಕೋಣೆಗೆ, ಮೊಘಲರು ಬಚ್ಚಲಿನ ದಾರಿಗೆ. ವಿಜಯನಗರ ದೊಡ್ಡ ಸಾಮ್ರಾಜ್ಯವಾದ್ದರಿಂದ ಚಾವಡಿಯ ಗೋಡೆ ಪೂರ್ತಿ ಅದಕ್ಕೇ ಬೇಕಾಯಿತು. ಹಲ್ಲುಜ್ಜುತ್ತಾ ಅಕ್ಬರ, ದೋಸೆ ಹೊಯ್ಯುತ್ತಾ ಅಶೋಕ! ಮನೆ ನೋಡಲು ಬಂದ ನೆಂಟರು ಟೈಲ್ಸು ನೋಡುವುದನ್ನು ಮರೆತು ಗೋಡೆ ಓದುತ್ತಾ ನಿಲ್ಲುತ್ತಿದ್ದರು.

ಕಷ್ಟಕ್ಕೆ ಬಿದ್ದವರು ಪೈಂಟಿನವರು.

"ಅಕ್ಕ, ಚಾಲುಕ್ಯರಿಗೆ ಪ್ರೈಮರ್ ಕೊಡ್ಬಹುದಾ?"

"ನಾಡಿದ್ದು ಅವರ ಪರೀಕ್ಷೆ. ಅಷ್ಟರವರೆಗೆ ಮುಟ್ಟಬೇಡಿ. ಬೇಕಾದ್ರೆ ಮೌರ್ಯರನ್ನು ಮುಗಿಸಿಬಿಡಿ, ಅವರದ್ದು ಆಯ್ತು."

ಹೀಗೆ ನಮ್ಮ ಮನೆಯ ರಿಪೇರಿ ವಿಶ್ವವಿದ್ಯಾಲಯದ ವೇಳಾಪಟ್ಟಿಯಂತೆ ಸಾಗಿತು.

ಇನ್ನು ತಿರುಗಾಟದ ಕತೆ. ಕ್ಲಾಸುಗಳಿದ್ದದ್ದು ಆದಿತ್ಯವಾರ, ಮೂಡುಬಿದಿರೆಯಲ್ಲಿ. ಊರವರ ಕಾರ್ಯಗಳೂ ಆದಿತ್ಯವಾರವೇ. ಚಿಕ್ಕಮ್ಮ ಜರಿ ಸೀರೆಯ ಮೇಲೆ ಹೆಲ್ಮೆಟ್ ಹಾಕಿ ಸ್ಕೂಟರ್ ಹತ್ತಿದರೆ ಬೆಳಿಗ್ಗೆ ಮೂಡುಬಿದಿರೆಯ ಕ್ಲಾಸು, ಮಧ್ಯಾಹ್ನ ವೇಣೂರಿನ ಮದುವೆ, ಅಲ್ಲಿಂದ ಬೆಳ್ತಂಗಡಿಗೆ ಇಳಿದು ಯಾರದೋ ಮಗುವಿಗೆ ಹೆಸರಿಡುವುದು, ಬರುವ ದಾರಿಯಲ್ಲಿ ಮಡಂತ್ಯಾರಿನಲ್ಲಿ ಮೀನು. ಮನೆಗೆ ಬಂದು ಸೆರಗು ಸಿಕ್ಕಿಸಿ ಗಾರೆಗೆ ನೀರು ಹಾಕುವುದೂ ಅವಳೇ.

ಒಂದು ಆದಿತ್ಯವಾರ ಕ್ಲಾಸಿನ ನಡುವೆ ಮೇಸ್ತ್ರಿಯ ಫೋನು ಬಂತಂತೆ, ಪಾತ್ರೆ ತೊಳೆಯುವ ಸಿಂಕು ಎಲ್ಲಿಗೆ ಎಂದು. ಅದೇ ಹೊತ್ತಿಗೆ ಮೇಷ್ಟ್ರು ಇವಳನ್ನೇ ಎಬ್ಬಿಸಿ, "ತುಘಲಕ್ ರಾಜಧಾನಿಯನ್ನು ಎಲ್ಲಿಗೆ ಸಾಗಿಸಿದ?" ಎಂದು ಕೇಳಿದರು. ಸೆರಗಿನೊಳಗೆ ಫೋನು ಹಿಡಿದಿದ್ದ ಚಿಕ್ಕಮ್ಮ ಹೇಳಿದಳಂತೆ, "ಕಿಟಕಿಯ ಕೆಳಗೆ."

ಮದುವೆ ಊಟದ ಪಂಕ್ತಿಯೂ ಅವಳಿಗೆ ಕ್ಲಾಸೇ. ಪಕ್ಕದಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಸಿಕ್ಕಿದರೆ ಮುಗಿಯಿತು. ಎಲೆಯ ಮೇಲೆ ಉಪ್ಪು ಇದ್ದಲ್ಲಿ ಕಂಚಿ, ಉಪ್ಪಿನಕಾಯಿ ಇದ್ದಲ್ಲಿ ಬಾದಾಮಿ, ನಡುವೆ ಪಲ್ಯದಲ್ಲಿ ಯುದ್ಧ. ಅಷ್ಟರಲ್ಲಿ ಬಡಿಸುವವರು ಬಂದು ಸಾರು ಹಾಕಿದರೆ ಪಲ್ಲವರೂ ಚಾಲುಕ್ಯರೂ ಒಟ್ಟಿಗೆ ಕೊಚ್ಚಿಹೋಗುತ್ತಿದ್ದರು.

ಇಷ್ಟೆಲ್ಲ ಆಗಿ ಕೊನೆಯ ಪರೀಕ್ಷೆ ಒಂದು ಉಳಿದಿತ್ತು, ವಿಜಯನಗರದ್ದು. ಆ ದಿನ ಜಿಲ್ಲೆಗೆ ಮಳೆಯ ರಜೆ ಸಿಕ್ಕಿತು. ಮುಂದೆ ಹೋದ ಪರೀಕ್ಷೆ ಎಲ್ಲಿ ಬಂದು ಕೂರಬೇಕು? ನನ್ನ ನಿಶ್ಚಿತಾರ್ಥದ ದಿನದಲ್ಲೇ! ಕಾರ್ಯ ನಮ್ಮ ಮನೆಯಲ್ಲಿ, ಮುಹೂರ್ತ ಬೆಳಿಗ್ಗೆ. ಪರೀಕ್ಷೆ ಮೂಡುಬಿದಿರೆಯಲ್ಲಿ, ಅದೂ ಬೆಳಿಗ್ಗೆ. ನನ್ನ ಕಡೆಯಿಂದ ವೀಳ್ಯದ ಹರಿವಾಣ ಹಿಡಿದು ಗಂಡಿನ ಕಡೆಯವರೊಡನೆ ಬದಲಾಯಿಸಬೇಕಾದವಳು ಚಿಕ್ಕಮ್ಮ.

ಸಾಲದ್ದಕ್ಕೆ ಚಿಕ್ಕಪ್ಪ, ಮನೆ ಚೆಂದ ಕಾಣಲಿ ಎಂದು, ಅವಳಿಲ್ಲದ ಹೊತ್ತು ನೋಡಿ ಚಾವಡಿಯ ಗೋಡೆಗೆ ಪೈಂಟ್ ಹೊಡೆಸಿಬಿಟ್ಟರು. ಯಾರದೋ ಸೀಮಂತದಿಂದ ಬಂದ ಚಿಕ್ಕಮ್ಮ ಬಾಗಿಲಲ್ಲೇ ನಿಂತಳು.

"ವಿಜಯನಗರ ಮುಳುಗಿಸ್ಲಿಕ್ಕೆ ಸುಲ್ತಾನರೆಲ್ಲ ಒಟ್ಟು ಸೇರಬೇಕಾಯ್ತು. ನೀವು ಒಬ್ಬರೇ ಮುಗಿಸಿದ್ರಲ್ಲ."

ಚಿಕ್ಕಪ್ಪ ಮೆಲ್ಲ ಅಂಗಳಕ್ಕೆ ಜಾರಿಕೊಂಡರು. ಚಿಕ್ಕಮ್ಮ ಹೊಸ ಗೋಡೆಯ ಎದುರು ಕುರ್ಚಿ ಎಳೆದು ಕೂತು, ಇಲ್ಲದ ಅಕ್ಷರಗಳನ್ನು ನೋಡುತ್ತಾ ತುಟಿ ಅಲ್ಲಾಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಇರಲಿ, ಮುಂದಿನ ವರ್ಷ ಬರೆಯುವ. ಅದೆಂತ, ಎಂ.ಎ. ಓಡಿಹೋಗ್ತದಾ?" ಎಂದಳು.

ಒಮ್ಮೆ ಓಡಿಹೋದ ಎಂ.ಎ. ತಿರುಗಿ ಸಿಗಬೇಕಾದರೆ ನಾನು ಮದುವೆಯ ವಯಸ್ಸಿಗೆ ಬರಬೇಕಾಯಿತು. ಎರಡನೆಯ ಸಲವೂ ಅದು ನನ್ನ ಹೆಸರಿನಲ್ಲೇ ಹೋಗಬೇಕೆ?

"ನೀನು ಪರೀಕ್ಷೆಗೆ ಹೋಗದಿದ್ರೆ ನಾನು ಆ ದಿನ ಸೀರೆಯೇ ಉಡುವುದಿಲ್ಲ" ಎಂದೆ.

ಭಟ್ಟರನ್ನು ಕೇಳಿದೆವು. ಅವರು ಪಂಚಾಂಗ ತಿರುವಿ, "ಎರಡೂವರೆಯ ಮೇಲೆ ಒಳ್ಳೆ ಹೊತ್ತು ಉಂಟು. ಆದ್ರೆ ಊಟ?" ಎಂದರು. ಪ್ರಶ್ನೆ ಸಣ್ಣದಲ್ಲ. ವೀಳ್ಯ ಬದಲಾಗದೆ ಊಟಕ್ಕೆ ಎಲೆ ಹಾಕುವಂತಿಲ್ಲ. ನಮ್ಮ ಕಡೆ ಮುಹೂರ್ತ ತಪ್ಪಿದರೆ ಪರಿಹಾರವಿದೆ, ಊಟ ತಡವಾದರೆ ಇಲ್ಲ. ಗಂಡಿನ ಮನೆಯವರು ಒಪ್ಪಿ ತಲೆಯಾಡಿಸಿದರೂ ಚಿಕ್ಕಮ್ಮನ ಮುಖ ಬಾಡಿಯೇ ಇತ್ತು. "ಜನ ನಿಲ್ಲುವುದಿಲ್ಲ. ಮುಖ ತೋರಿಸಿ ಹೋಗ್ತಾರೆ. ಚಪ್ಪರ ಖಾಲಿ ಆಗ್ತದೆ" ಎಂದು ಆ ದಿನ ಬೆಳಿಗ್ಗೆ ಪರೀಕ್ಷೆಗೆ ಸ್ಕೂಟರ್ ಹತ್ತುವವರೆಗೂ ಹೇಳುತ್ತಲೇ ಇದ್ದಳು.

"ಇವಳಿಗೆ ಚಪ್ಪರದ್ದೇ ಚಿಂತೆ" ಎಂದು ನಾನು ನಕ್ಕೆ.

ಚಿಕ್ಕಪ್ಪ ನಗಲಿಲ್ಲ. "ಇಷ್ಟು ವರ್ಷ ಅವಳು ಊರಿಡೀ ತಿರುಗಿದ್ದು ಯಾಕೆ ಅಂತ ಗೊತ್ತುಂಟಾ ನಿನಗೆ? ಮದುವೆಯಾದ ಹೊಸತರಲ್ಲಿ ನಾನೂ ಬೈದಿದ್ದೇನೆ. ಆಗ ಹೇಳಿದ್ಳು, ಈ ಮಗುವಿಗೆ ತಾಯಿ ಇಲ್ಲ. ನಾವು ಹೋದ್ರೆ ಅಲ್ವಾ, ನಾಳೆ ಇವಳ ಕಾರ್ಯಕ್ಕೆ ನಾಲ್ಕು ಜನ ಬರುವುದು ಅಂತ."

ಇಷ್ಟು ವರ್ಷ ನಾನು ಆಡಿಕೊಂಡು ನಕ್ಕ ಅಷ್ಟೂ ಊಟಗಳನ್ನು ಅವಳು ಉಂಡದ್ದು ನನಗಾಗಿ.

ಮಧ್ಯಾಹ್ನವಾಯಿತು. ಅಡುಗೆಯ ಪರಿಮಳ ಚಪ್ಪರವಿಡೀ ಹಬ್ಬಿತು. ಮಕ್ಕಳಿಗೆ ಬಾಳೆಹಣ್ಣು ಹಂಚಿದೆವು. ಒಂದು ಗಂಟೆ ದಾಟಿತು, ಎರಡೂ ದಾಟಿತು. ಕೊನೆಗೆ ಗೇಟಿನ ಹತ್ತಿರ ಸ್ಕೂಟರ್ ನಿಂತಿತು. ಚಿಕ್ಕಮ್ಮ ಹೆಲ್ಮೆಟ್ ತೆಗೆಯುವುದನ್ನೂ ಮರೆತು ಚಪ್ಪರದ ಬಾಯಿಯಲ್ಲಿ ನಿಂತಳು. ಕುರ್ಚಿಗಳೆಲ್ಲ ತುಂಬಿದ್ದವು. ಬೆಳ್ತಂಗಡಿಯವರು, ಮೂಡುಬಿದಿರೆಯವರು, ಕುರ್ಚಿ ಸಾಲದೆ ಕಟ್ಟೆಯ ಮೇಲೆ ಕೂತ ಪಾಣೆಮಂಗಳೂರಿನವರು. ಯಾರೂ ಎದ್ದು ಹೋಗಿರಲಿಲ್ಲ.

"ಅಯ್ಯೋ, ನೀವೆಲ್ಲ ಇನ್ನೂ ಉಣ್ಣಲಿಲ್ಲವಾ" ಎಂದಳು.

ಮುಂದಿನ ಸಾಲಿನಲ್ಲಿದ್ದ ವೇಣೂರಿನ ಅಜ್ಜಿಯೊಬ್ಬರು, "ನಮ್ಮೆಲ್ಲರ ಮನೆಗೆ ನೀನು ಬಂದಿದ್ದಿ. ನಿನ್ನ ಮನೆಯಲ್ಲಿ ಒಂದು ದಿನ ಹಸಿದು ಕೂತ್ರೆ ನಾವೆಂತ ಸಾಯ್ತೇವಾ? ಪರೀಕ್ಷೆ ಹೇಗಾಯ್ತು, ಅದನ್ನು ಹೇಳು" ಎಂದರು.

ಯಾವ ಚಪ್ಪರದಲ್ಲೂ ಮಾತಿಗೆ ಸೋಲದ ಚಿಕ್ಕಮ್ಮ ಸೆರಗು ಬಾಯಿಗೆ ಒತ್ತಿ ನಿಂತಿದ್ದಳು. ನಾನು ಹೋಗಿ ಅವಳ ಹೆಲ್ಮೆಟ್ ತೆಗೆದೆ. ಶಾಯಿ ಹತ್ತಿದ ಆ ಕೈಗಳಿಗೆ ವೀಳ್ಯದ ಹರಿವಾಣ ಕೊಟ್ಟೆ.