ಚಪ್ಪಲಿ ಹರಿದ ಸಮುರಾಯ್

ಮನುಷ್ಯನಿಗೆ ಒಳ್ಳೆಯ ಅಭಿರುಚಿ ಇಲ್ಲದಿದ್ದರೆ ಅಂಥ ತೊಂದರೆಯೇನಿಲ್ಲ. ಇಲ್ಲದ್ದನ್ನು ಇದೆಯೆಂದು ಊರವರು ನಂಬಿಬಿಟ್ಟರೆ ಮಾತ್ರ ಕಷ್ಟ. ನಾನು ಕುಂದಾಪುರದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕ. ಕನ್ನಡಕ ದಪ್ಪ, ಮಾತು ಕಡಿಮೆ. ಇಷ್ಟೇ ಸಾಕಾಯಿತು, ಕಪಾಟಿನಲ್ಲಿರುವ ಪುಸ್ತಕಗಳನ್ನೆಲ್ಲ ನಾನು ಓದಿ ಮುಗಿಸಿದ್ದೇನೆಂದು ಜನ ತೀರ್ಮಾನಿಸಿಬಿಟ್ಟರು. ಜವಳಿ ಅಂಗಡಿಯವನು ಅಲ್ಲಿರುವ ಸೀರೆಗಳನ್ನೆಲ್ಲ ಉಟ್ಟು ನೋಡಿರುತ್ತಾನೆಯೇ? ಆದರೆ ಮರ್ಯಾದೆ ತಾನಾಗಿ ಮನೆಬಾಗಿಲಿಗೆ ಬಂದಾಗ ಕದ ಹಾಕಿಕೊಳ್ಳುವ ಧೈರ್ಯ ಯಾರಿಗಿದೆ? ನಾನೂ ಹಾಕಿಕೊಳ್ಳಲಿಲ್ಲ. ಅದರಿಂದಾಗಿ ಒಂದು ಸಂಗತಿಯನ್ನು ವರ್ಷಗಟ್ಟಲೆ ಬಚ್ಚಿಡಬೇಕಾಯಿತು. ನನಗೆ ಸಮುರಾಯ್ ಸಿನಿಮಾಗಳ ಹುಚ್ಚು.

ಸಮುರಾಯ್ ಎಂದರೆ ಜಪಾನಿನ ಹಳೆಯ ಕಾಲದ ಕತ್ತಿವೀರ. ಅಂಥವರ ಬಗ್ಗೆ ಗಂಭೀರವಾದ, ಪ್ರಪಂಚವೇ ಕೈಮುಗಿಯುವ ಚಿತ್ರಗಳೂ ಇವೆಯಂತೆ. ನಾನು ಹೇಳುತ್ತಿರುವುದು ಅವಲ್ಲ. ಮೂರು ಗುಡಿಸಲು, ಒಂದು ಗುಡ್ಡ, ಹತ್ತು ಜನ ಖಳರನ್ನಿಟ್ಟುಕೊಂಡು ಹದಿನೈದು ದಿನದಲ್ಲಿ ಮುಗಿಸಿದಂಥವು. ಅವುಗಳಲ್ಲಿ ಎಡಗಡೆ ಸತ್ತುಬಿದ್ದವನು ಐದು ನಿಮಿಷದಲ್ಲಿ ಮೀಸೆ ಅಂಟಿಸಿಕೊಂಡು ಬಲಗಡೆಯಿಂದ ಬರುತ್ತಾನೆ. ಶತ್ರುಗಳು ಎಷ್ಟೇ ಜನ ಇರಲಿ, ಡಾಕ್ಟರ ಕ್ಲಿನಿಕ್ಕಿನಲ್ಲಿ ಟೋಕನ್ ತೆಗೆದುಕೊಂಡವರ ಹಾಗೆ ಒಬ್ಬೊಬ್ಬರಾಗಿಯೇ ಮುಂದೆ ಬರುತ್ತಾರೆ. ಕತ್ತಿಯೇಟು ಬಿದ್ದವನು ತಕ್ಷಣ ಬೀಳುವುದಿಲ್ಲ, ಏನೋ ಮರೆತುಹೋದವನಂತೆ ನಿಂತು ಯೋಚಿಸುತ್ತಾನೆ. ಆಮೇಲೆ ನೆನಪಾಗಿ ಬೀಳುತ್ತಾನೆ. ರಕ್ತವಂತೂ ಎರಡು ದಿನ ನೀರಿಲ್ಲದೆ ಮೂರನೇ ದಿನ ಬುಸ್ಸೆಂದ ನಲ್ಲಿಯಂತೆ. ಒಮ್ಮೆ ಒಬ್ಬ ರಾಜಕುಮಾರಿಯ ತಲೆಯ ಮೇಲೆ ಕರೆಂಟಿನ ತಂತಿ ಹಾದುಹೋಗಿದ್ದನ್ನೂ ನೋಡಿದ್ದೇನೆ. ಇಷ್ಟಾದರೂ, ಕೊನೆಗೆ ಆ ಬಡಪಾಯಿ ವೀರ ಹಳ್ಳಿಯವರು ಕೊಟ್ಟ ಚಿನ್ನ ಮುಟ್ಟದೆ, ಒಂದು ಬಟ್ಟಲು ಅನ್ನ ಉಂಡು, ತಿರುಗಿಯೂ ನೋಡದೆ ನಡೆದುಬಿಡುತ್ತಾನಲ್ಲ, ಆಗ ನಾನು ಕನ್ನಡಕ ತೆಗೆದು ಒರೆಸಿಕೊಳ್ಳುತ್ತೇನೆ. ನಮ್ಮ ದಿನನಿತ್ಯದ ಬದುಕಿನಲ್ಲಿ ಯಾವ ಜಗಳ ತಾನೇ ಹೀಗೆ ಒಂದೂವರೆ ಗಂಟೆಯಲ್ಲಿ ನ್ಯಾಯವಾಗಿ ಮುಗಿಯುತ್ತದೆ?

ಈ ಗುಟ್ಟು ಗೊತ್ತಿದ್ದದ್ದು ಮನೆಯಲ್ಲಿ ಇಬ್ಬರಿಗೆ. ಹೆಂಡತಿ ವಿನೋದಾ ಅದನ್ನು ಕ್ಷಮಿಸಿದ್ದಳು. ನಮ್ಮ ಜೊತೆಯಲ್ಲೇ ಇರುವ ಅವಳ ತಾಯಿ, ನನ್ನ ಅತ್ತೆ ಗಿರಿಜಮ್ಮ, ಅದರಲ್ಲಿ ಪಾಲುದಾರರಾಗಿದ್ದರು. ಅತ್ತೆ ಗಂಗೊಳ್ಳಿಯವರು, ಮಂಡಿನೋವು ಶುರುವಾಗುವ ತನಕ ಮೀನು ಕೊಯ್ದು ಮಾರಿ ಮಕ್ಕಳನ್ನು ಬೆಳೆಸಿದವರು. ಭಾನುವಾರ ಊಟವಾದ ಮೇಲೆ ನಾನು ಟಿವಿ ಹಾಕಿದರೆ ಎಲೆಯಡಿಕೆ ಹಿಡಿದು ಪಕ್ಕದಲ್ಲೇ ಬಂದು ಕೂರುತ್ತಿದ್ದರು. ಕತೆಯ ಬಗ್ಗೆ ಅವರ ತಕರಾರಿರಲಿಲ್ಲ. ತಕರಾರೆಲ್ಲ ಕೈಚಳಕದ ಬಗ್ಗೆ. "ಈ ಗಂಡಿಗೆ ಕತ್ತಿ ಹಿಡುಕೇ ಬತ್ತಿಲ್ಲೆ. ನಮ್ಮ್ ಬಂದರಿಗೆ ಬಂದ್ರೆ ಒಂದ್ ಬಂಗುಡೆ ಸಮಾ ಕೊಯ್ತಿರ್ಲಿಲ್ಲ" ಎನ್ನುವರು. ಯಾರಾದರೂ ಮಣಿಕಟ್ಟು ತಿರುಗಿಸಿ ಚೊಕ್ಕವಾಗಿ ಬೀಸಿದರೆ, "ಇವ ಅಡ್ಡಿಲ್ಲ" ಎಂದು ಒಪ್ಪಿಕೊಳ್ಳುವರು.

ಇನ್ನು ಹೊರಗಿನ ನನ್ನ ಅವತಾರ. ನಮ್ಮ ಊರಿನಲ್ಲೊಂದು ಚಿತ್ರ ಬಳಗವಿದೆ. ಅಧ್ಯಕ್ಷರು ನಿವೃತ್ತ ಇಂಗ್ಲಿಷ್ ಉಪನ್ಯಾಸಕರಾದ ಹೆಗ್ಡೆ ಮಾಷ್ಟ್ರು, ಕಾರ್ಯದರ್ಶಿ ನಾನು. ತಿಂಗಳಿಗೊಂದು ಭಾನುವಾರ ಸಂಜೆ ನಾಲ್ಕಕ್ಕೆ, ಪೇಟೆಯ ಒಂದು ಮಹಡಿಯ ಹಾಲಿನಲ್ಲಿ ಪರದೇಶದ ಘನವಾದ ಚಿತ್ರ. ಮುದುಕನೊಬ್ಬ ಕಿಟಕಿಯಿಂದ ಹೊರಗೆ ನೋಡುತ್ತಾನೆ. ಇಪ್ಪತ್ತು ನಿಮಿಷದ ನಂತರ ಕಿಟಕಿ ಮುಚ್ಚುತ್ತಾನೆ. ಆಮೇಲೆ ಹೆಗ್ಡೆ ಮಾಷ್ಟ್ರು ಎದ್ದುನಿಂತು ಮೌನದ ಬಗ್ಗೆ ಮುಕ್ಕಾಲು ಗಂಟೆ ಮಾತಾಡುತ್ತಾರೆ. ಹನ್ನೆರಡು ವರ್ಷ ಹೀಗೆ ನಡೆಯಿತು. ಬರುವವರು ಏಳು ಜನಕ್ಕಿಳಿದರು, ಅದರಲ್ಲೊಬ್ಬರು ಫ್ಯಾನಿನ ಗಾಳಿಗೆಂದು ಬರುವವರು. ಕಳೆದ ವರ್ಷ ಹಾಲಿನ ಯಜಮಾನರು ಸೌಜನ್ಯದಿಂದಲೇ ಹೇಳಿದರು, "ಏಳ್ ಜನಕ್ಕೆ ಇಷ್ಟ್ ದೊಡ್ಡ ಹಾಲ್ ಎಂತಕೆ ಮಾರಾಯ್ರೆ? ಹೊಲ್ಗಿ ಕ್ಲಾಸಿನವ್ರ್ ಕೇಂತಿದ್ರ್. ಬಪ್ಪ ತಿಂಗ್ಳ್ ಒಂದ್ ಪಿಚ್ಚರ್ ಹಾಕಿ, ಬೀಗದ ಕೈ ಕೊಡಿ."

ಮೆಟ್ಟಿಲಿಳಿಯುವಾಗ ಹೆಗ್ಡೆ ಮಾಷ್ಟ್ರು ಕಂಬಿ ಹಿಡಿದು ಒಂದು ಕ್ಷಣ ನಿಂತರು. ಹೆಂಡತಿ ತೀರಿಕೊಂಡ ಮೇಲೆ ಅವರು ಇಸ್ತ್ರಿ ಅಂಗಿ ಹಾಕುತ್ತಿದ್ದದ್ದು ಆ ಒಂದು ಭಾನುವಾರಕ್ಕಾಗಿ ಮಾತ್ರ ಎಂಬುದು ನನಗೆ ಗೊತ್ತಿತ್ತು. "ಕೊನೆಯ ಚಿತ್ರ ನೀವೇ ಆರಿಸಿ" ಎಂದು ಹೇಳಿ ರಿಕ್ಷಾ ಹತ್ತಿದರು.

ಮನೆಗೆ ಬಂದು ಘನವಾದ ಚಿತ್ರಗಳ ಪಟ್ಟಿ ಹಿಡಿದು ಕುಳಿತೆ. ಅತ್ತೆ ವಿಷಯ ಕೇಳಿ ತಿಳಿದುಕೊಂಡರು. "ಹ್ಯಾಂಗೂ ಮುಚ್ಚುದೇ ಆದ್ರೆ ನಮ್ಮ್ ಕತ್ತಿ ಪಿಚ್ಚರೇ ಹಾಕಿ. ಸಾಯುದಾದ್ರೆ ಹೊಡ್ದಾಡ್ಕಂಡೇ ಸಾಯ್ಲಿ. ನಾನೂ ಬತ್ತೆ" ಎಂದರು. ಊರಿನಲ್ಲಿ ನನ್ನ ಮರ್ಯಾದೆ ಹೋಗುತ್ತದೆ ಎಂದೆ. "ಅದ್ ಇಟ್ಕಂಡ್ ಎಂತ ಮಾಡ್ತ್ರಿ?" ಎಂದರು. ಎರಡು ದಿನ ಬಿಟ್ಟು ಆ ಪಟ್ಟಿಯನ್ನು ಮಡಚಿಟ್ಟು, ಕತ್ತಿ ಪಿಚ್ಚರೊಂದನ್ನು ಆರಿಸಿದೆ.

ಆ ಭಾನುವಾರ ಅತ್ತೆ ಒಬ್ಬರೇ ಬರಲಿಲ್ಲ. ಗಂಗೊಳ್ಳಿಯ ಬಸ್ಸಿನಿಂದ ಅವರ ಹಳೆಯ ಗೆಳತಿಯರು ಆರು ಮಂದಿ ಇಳಿದರು. ಮಲ್ಲಿಗೆ ಮುಡಿದು, ಜೋರಾಗಿ ಮಾತಾಡುತ್ತ ಮೆಟ್ಟಿಲು ಹತ್ತಿ, ಮೊದಲ ಸಾಲಿನಲ್ಲೇ ಕುಳಿತರು. ಆ ಸಾಲಿನಲ್ಲೇ ಇದ್ದ ಹೆಗ್ಡೆ ಮಾಷ್ಟ್ರು ಎದ್ದುನಿಂತು ನಮಸ್ಕರಿಸಿದರು. ನಾನು ಪೀಠಿಕೆಯ ಮಾತಾಡದೆ ದೀಪ ಆರಿಸಿದೆ. ಕತ್ತಲೆಯಲ್ಲಿ ನನ್ನ ಮುಖ ಯಾರಿಗೂ ಕಾಣದೆಂಬುದೇ ಸಮಾಧಾನ.

ಹುಲ್ಲಿನ ಟೊಪ್ಪಿ ಹಾಕಿದ, ಚಪ್ಪಲಿಯ ಬಾರು ಹರಿದ ಸಮುರಾಯ್ ಒಬ್ಬ ಕುಂಟುತ್ತ ಹಳ್ಳಿಗೆ ಬಂದ. ಮೂರನೇ ನಿಮಿಷಕ್ಕೆ ಮೊದಲ ತಲೆ ಹಾರಿತು. ಹಿಂದಿನಿಂದ ಯಾರೋ ಕೆಮ್ಮಿದರು. ಹೆಗ್ಡೆ ಮಾಷ್ಟ್ರು ನಿಧಾನವಾಗಿ ನನ್ನ ಕಡೆ ತಿರುಗಿದರು. ನಾನು ಸೀಲಿಂಗ್ ಫ್ಯಾನನ್ನು ಅಧ್ಯಯನ ಮಾಡತೊಡಗಿದೆ. ಅಷ್ಟರಲ್ಲಿ ಪರದೆಯ ಮೇಲೆ ಖಳನೊಬ್ಬ ಪೊದೆಯಿಂದ ಎದ್ದ. "ಹ್ವಾಯ್, ಹಿಂದ್ ಕಾಣಾ! ಹಿಂದ್ ಬಂದ!" ಎಂದು ಅತ್ತೆ ಕೂಗಿದರು. ಸಮುರಾಯ್ ತಿರುಗಿದ, ಬೀಸಿದ. ಗಂಗೊಳ್ಳಿಯ ಸಾಲು ಚಪ್ಪಾಳೆ ತಟ್ಟಿತು. ಅತ್ತೆಯ ಮಾತು ಕೇಳಿಯೇ ಅವನು ಬದುಕಿದನೆಂಬುದರಲ್ಲಿ ಅಲ್ಲಿ ಯಾರಿಗೂ ಸಂಶಯವಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅತ್ತೆ ಪಕ್ಕಕ್ಕೆ ಬಾಗಿ, "ಮಾಷ್ಟ್ರೆ, ಕೆಳ್ಗೆ ಎಂತ ಬರೂದದ್? ನಮ್ಗೆ ಇಂಗ್ಲಿಷ್ ಬತ್ತಿಲ್ಲೆ. ಚೂರ್ ಓದಿ ಹೇಳಿ ಕಾಂಬ" ಎಂದರು. ಮೂವತ್ತು ವರ್ಷ ಪಾಠ ಮಾಡಿದವರು, ಕೇಳಿದವರಿಗೆ ಇಲ್ಲವೆನ್ನಲು ಅವರಿಗೆ ಬರುವುದಿಲ್ಲ. ಗಂಟಲು ಸರಿಮಾಡಿಕೊಂಡರು. ಆ ಅಡಿಬರಹಗಳ ಇಂಗ್ಲಿಷ್ ದೇವರಿಗೇ ಪ್ರೀತಿ. ಮೊದಲು ಅದರ ವ್ಯಾಕರಣ ತಿದ್ದಿದರು, ಆಮೇಲೆ ಕನ್ನಡಕ್ಕೆ ತಂದರು. "ಈತ ಉಪ್ಪಿನ ವ್ಯಾಪಾರಿ. ಹಳ್ಳಿಯವರ ಅಕ್ಕಿಯನ್ನು ಅಪಹರಿಸಿದ್ದಾನೆ" ಎಂದು ಪರೀಕ್ಷೆಯ ಉತ್ತರದ ಧಾಟಿಯಲ್ಲಿ ಹೇಳಿದರು. "ಹಾಳಾದವ!" ಎಂದಿತು ಮೊದಲ ಸಾಲು. ಆ ಉತ್ತೇಜನ ಅವರಿಗೆ ನಾಟಿರಬೇಕು. ಮುಂದಿನ ಮಾತಿಗೆ ದನಿ ಏರಿತು. ಅದರ ಮುಂದಿನದಕ್ಕೆ ಕೈ ಎದ್ದಿತು. ಹರೆಯದಲ್ಲಿ ಅವರು, ವೇಷವಿಲ್ಲದೆ ಕೂತು ಮಾತಿನಲ್ಲೇ ಯಕ್ಷಗಾನ ನಡೆಸುವ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರೆಂದು ನನಗೆ ತಿಳಿದದ್ದೇ ಆವತ್ತು. ಕೊನೆಯ ಕಾಳಗದ ಹೊತ್ತಿಗೆ ಪರದೆಯಲ್ಲಿ ಇದ್ದದ್ದು "ನಿಲ್ಲು, ಕಳ್ಳ" ಎಂಬ ಎರಡೇ ಪದ. ಹೆಗ್ಡೆ ಮಾಷ್ಟ್ರು ಕುರ್ಚಿಯಿಂದೆದ್ದು, "ಎಲವೋ ಉಪ್ಪಿನ ವರ್ತಕನೇ! ಬಡವರ ಬಟ್ಟಲಿಗೆ ಚಾಚಿದ ಆ ಕೈ ಇನ್ನೂ ನಿನ್ನ ಮೈಯಲ್ಲೇ ಉಳಿದಿದೆಯೆಂದು ಭ್ರಮಿಸಿದೆಯಾ? ಬಗ್ಗಿ ನೋಡು, ನೆಲದ ಮೇಲೆ ಯಾರದು ಬಿದ್ದಿದೆಯೆಂದು!" ಎಂದು ಗುಡುಗಿದರು. ಆ ಕ್ಷಣಕ್ಕೆ ಸರಿಯಾಗಿ ಪರದೆಯಲ್ಲಿ ವರ್ತಕನ ಕೈ ಕತ್ತರಿಸಿ ಬಿತ್ತು. ಹಾಲ್ ಹಾರಿಹೋಗುವ ಹಾಗೆ ಶಿಳ್ಳೆ. ಶಿಳ್ಳೆ ಹಾಕಿದ್ದು ಫ್ಯಾನಿನ ಗಾಳಿಗೆ ಬರುತ್ತಿದ್ದವರು.

ಗದ್ದಲ ಕೇಳಿ ಕೆಳಗಿನ ಹೋಟೆಲಿನವರು, ಬಸ್ಸಿಗೆ ಕಾದಿದ್ದವರು, ರಿಕ್ಷಾದವರು ಎಲ್ಲ ಮೇಲೆ ಬಂದಿದ್ದರು. ಬಾಗಿಲಲ್ಲಿ ಹಾಲಿನ ಯಜಮಾನರೂ ನಿಂತಿದ್ದರು. ಬೀಗದ ಕೈ ಕೇಳುತ್ತಾರೆಂದು ಜೇಬಿಗೆ ಕೈ ಹಾಕಿದೆ. ಅವರು ನನ್ನ ತೋಳು ಹಿಡಿದು, "ಈ ಟೊಪ್ಪಿಯವ ಒಳ್ಳೆಯವನಾ ಕೆಟ್ಟವನಾ?" ಎಂದು ಕೇಳಿದರು. ಒಳ್ಳೆಯವನು ಎಂದೆ. "ಹಾಂಗಾರೆ ಸಾಯ್ತಿಲ್ಲೆ ಅಲ್ದಾ?" ಎಂದು ಒಳಗೆ ಬಂದು ಕುಳಿತರು. ಬೀಗದ ಕೈ ನನ್ನ ಜೇಬಿನಲ್ಲೇ ಉಳಿಯಿತು, ಹೊಲಿಗೆ ತರಗತಿ ಅವರದೇ ಹಳೆಯ ಗೋದಾಮಿನಲ್ಲಿ ಶುರುವಾಯಿತು. ಮರುತಿಂಗಳು ಬೈಂದೂರಿನಿಂದಲೂ ಜನ ಬಂದರು, ಕುರ್ಚಿ ಸಾಲದೆ ಚಾಪೆ ಹಾಸಿದೆವು.

ಆದರೆ ನಾನು ಹೇಳಬೇಕೆಂದಿದ್ದದ್ದು ಆ ಮೊದಲ ದಿನದ ಕೊನೆಯ ಮಾತು. ಎಲ್ಲರೂ ಹೋದ ಮೇಲೆ ಹೆಗ್ಡೆ ಮಾಷ್ಟ್ರು ಬೆವರು ಒರೆಸಿಕೊಳ್ಳುತ್ತ ಕುಳಿತಿದ್ದರು. ಇಷ್ಟು ವರ್ಷ ನನ್ನೊಡನೆ ಪುಸ್ತಕದ ಕನ್ನಡವನ್ನೇ ಆಡಿದವರು, ಆವತ್ತು ಮೊದಲ ಸಲ ಊರಿನ ಮಾತಿಗಿಳಿದರು. "ಹ್ವಾಯ್, ಈ ನಮೂನಿ ಪಿಚ್ಚರ್ ನಿಮ್ಮತ್ರ ಮುಂಚಿಂದ್ಲೂ ಇದ್ದಿತ್ತಾ?"

"ಇದ್ದಿತ್ತ್."

"ಮತ್ತೆ ಎಂತಕೆ ಹಾಕ್ಲಿಲ್ಲ?"

"ನಿಮ್ಗೆ ಬೇಜಾರಾತ್ತ್ ಅಂದೇಳಿ. ನೀವು ಆ ನಿಧಾನದ ಚಿತ್ರಗಳನ್ನು ಅಷ್ಟು ಇಷ್ಟಪಟ್ಟು..."

"ನಾನಾ?" ಅವರು ಕನ್ನಡಕ ತೆಗೆದರು. "ಅದೆಲ್ಲ ತರ್ಸಿದ್ದೇ ನಿಮಗಾಯಿ ಅಲ್ದಾ ಮಾರಾಯ್ರೆ! ನೀವ್ ಕಣ್ಣ್ ಮುಚ್ಕಂಡ್ ತಲೆ ಆಡ್ಸ್ತಾ ಕೂಕಂತಿದ್ರಿ, ಎಷ್ಟ್ ಒಳಗೆ ಇಳೀತ್ರಪ್ಪಾ ಇವ್ರ್ ಅಂದೇಳಿ ನಾನ್ ಅಂದ್ಕಂಡಿದ್ದೆ."

ಅದು ತೂಕಡಿಕೆ ಎಂದು ಹೇಳಿಬಿಟ್ಟೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಹನ್ನೆರಡು ವರ್ಷ ಒಬ್ಬರ ಘನತೆ ಕಾಪಾಡಲು ಇನ್ನೊಬ್ಬರು ಕಿಟಕಿ ನೋಡುವ ಮುದುಕನನ್ನು ಸಹಿಸಿದ್ದೆವು. ನಗು ನಿಲ್ಲಲು ಬಹಳ ಹೊತ್ತು ಬೇಕಾಯಿತು. ಆಮೇಲೆ ಅವರು ದನಿ ತಗ್ಗಿಸಿ, "ಬಪ್ಪ ತಿಂಗ್ಳಿಗೆ ಇದ್ಕಿಂತ ಹಾಳ್ ಪಿಚ್ಚರ್ ಏನಾರೂ ಇತ್ತಾ?" ಎಂದು ಕೇಳಿದರು.

ಲೈಬ್ರರಿಯಲ್ಲಿ ಯಾರಾದರೂ ಬಂದು ಏನಾದರೂ ಕೇಳಿದರೆ ನಾನು ಕಪಾಟಿನ ಕಡೆ ಕೈ ತೋರಿಸಿ ಪಾರಾಗುತ್ತೇನೆ. ಆದರೆ ಆವತ್ತು, ಕೆಲಸಕ್ಕೆ ಸೇರಿದ ಮೇಲೆ ಮೊದಲ ಬಾರಿಗೆ, ಒಂದು ಪ್ರಶ್ನೆಗೆ ಉತ್ತರ ನನ್ನಷ್ಟು ಚೆನ್ನಾಗಿ ಬಲ್ಲವರು ಈ ಜಿಲ್ಲೆಯಲ್ಲೇ ಇಲ್ಲ ಅನ್ನಿಸಿ, ಎದೆಯುಬ್ಬಿಸಿ ಹೇಳಿದೆ: "ಬೇಕಾದಷ್ಟ್ ಇತ್ತ್."