ಸುಧಾರಿಸುವ ಸಾಧ್ಯತೆ ಇಲ್ಲದ ಹೃದಯದ ಕುರಿತು

ಮಾನ್ಯ ಹಾಸಿಗೆ ಹಂಚಿಕೆ ಅಧಿಕಾರಿಗಳೇ,

ಬಟ್ಟೆ ಹೊಲಿದು ಬದುಕುವ ಸಾಮಾನ್ಯ ಹೆಂಗಸೊಬ್ಬಳ ನಮಸ್ಕಾರಗಳು. ಇಡೀ ಆಸ್ಪತ್ರೆಯನ್ನು ಒಂದೇ ಒಂದು ಅರ್ಜಿ ನಮೂನೆಯಿಂದ ಆಳುತ್ತಿರುವ ತಮ್ಮ ಅಮೂಲ್ಯ ಸಮಯವನ್ನು ಹಾಳು ಮಾಡುತ್ತಿರುವುದಕ್ಕೆ ಮೊದಲೇ ಕ್ಷಮೆ ಕೋರುತ್ತೇನೆ.

ವಿದ್ಯುತ್ ಕಂಬದಿಂದ ಬಿದ್ದ ಲೈನ್‌ಮನ್, ನನ್ನ ಅಣ್ಣ, ತಮಗೆ ಹದಿನಾಲ್ಕನೇ ಹಾಸಿಗೆಯೆಂದು ಪರಿಚಿತ. ಕಳೆದ ತಿಂಗಳು ಒಂದು ಬೆಳಿಗ್ಗೆ ವೈದ್ಯರು ಎರಡನೇ ಸಲ ಪರೀಕ್ಷಿಸಿ, ಅವನ ಮಿದುಳು ಸತ್ತಿದೆ, ಹೃದಯ ಮಾತ್ರ ಉಸಿರಾಟದ ಯಂತ್ರದ ಆಸರೆಯಲ್ಲಿ ಗಟ್ಟಿಯಾಗಿ ಬಡಿಯುತ್ತಿದೆ, ಬೇರೆ ಆಸ್ಪತ್ರೆಯಲ್ಲಿ ಇಬ್ಬರು ಹೆಣ್ಣುಮಕ್ಕಳ ತಂದೆಯೊಬ್ಬ ಅದಕ್ಕಾಗಿ ಕಾಯುತ್ತಿದ್ದಾನೆ ಎಂದರು. ಹೃದಯದಾನದ ಒಪ್ಪಿಗೆ ಪತ್ರಕ್ಕೆ ಅಳುತ್ತಲೇ ಸಹಿ ಹಾಕಿದೆ.

ಅಲ್ಲಿಂದ ತಮ್ಮ ಪ್ರತಿಭೆ ಬೆಳಗಿತು. ದಾನಿಗಳ ದೇಹವನ್ನು ನೋಡಿಕೊಳ್ಳಲೆಂದೇ ಹಿಂದಿನ ಕಟ್ಟಡದಲ್ಲಿ ಎರಡು ಹಾಸಿಗೆಯ ಕೋಣೆಯಿದೆ, ಒಂದೊಂದಕ್ಕೂ ಒಬ್ಬ ದಾದಿ ಇದ್ದಾರೆ. ಅಲ್ಲಿಗೆ ಕಳಿಸಿ ಎಂದು ವೈದ್ಯರು ಬರೆದುದನ್ನು ತಾವು ಹಿಂದಿರುಗಿಸಿದಿರಿ, ಏಕೆಂದರೆ ನಮೂನೆಯಲ್ಲಿ 'ರೋಗಿ ಸುಧಾರಿಸುವ ಸಾಧ್ಯತೆ' ಎಂಬ ಅಂಕಣ ಖಾಲಿ ಇತ್ತು. ಅವರು ಪ್ರಾಮಾಣಿಕವಾಗಿ 'ಇಲ್ಲ' ಎಂದು ತುಂಬಿದ ಮೇಲೆ, ಸುಧಾರಿಸದವನಿಗೆ ತೀವ್ರ ನಿಗಾ ಘಟಕವಾದರೂ ಯಾಕೆಂದು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಯಂತ್ರದ ಸಮೇತ ಅವನನ್ನು ಸಾಮಾನ್ಯ ವಾರ್ಡಿನಲ್ಲಿ ಮಾಸಿದ ಬೆಡ್‌ಶೀಟ್ ರಾಶಿ ಹಾಕುವ ಮೂಲೆಗೆ ಸಾಗಿಸಿದಿರಿ. ಇಂಥ ತರ್ಕಶುದ್ಧಿಗೆ ಯಾರು ತಾನೇ ತಲೆಬಾಗರು!

ಅಲ್ಲಿ ಇಬ್ಬರು ದಾದಿಯರಿಗೆ ಇಪ್ಪತ್ತೆರಡು ರೋಗಿಗಳು. ಸತ್ತ ಮಿದುಳು ರಕ್ತದೊತ್ತಡವನ್ನಾಗಲಿ ಮೈಬಿಸಿಯನ್ನಾಗಲಿ ಕಾಯುವುದಿಲ್ಲ, ಅದರ ಕೆಲಸವನ್ನು ಹೃದಯ ಒಯ್ಯುವವರೆಗೂ ಮನುಷ್ಯರೇ ಪಕ್ಕದಲ್ಲಿ ನಿಂತು ಮಾಡಬೇಕು ಎಂದು ವೈದ್ಯರು ಹೇಳಿದ್ದು ಏಳನೇ ತರಗತಿ ಓದಿದ ನನಗೆ ಅರ್ಥವಾಗಿತ್ತು. ಅಣ್ಣನ ಕೈ ತಣ್ಣಗಾಗುತ್ತಿದೆಯೆಂದು ಮೂರು ಸಲ ಓಡಿದೆ. "ಬಂದೆ ಅಕ್ಕಾ, ಈ ಅಜ್ಜನಿಗೆ ಉಸಿರು ಸಿಕ್ತಿಲ್ಲ" ಎಂದ ದಾದಿಯ ಮೇಲೆ ನನಗೆ ಕೋಪವಿಲ್ಲ. ಕೋಪವನ್ನೆಲ್ಲ ತಮಗಾಗಿ ಜೋಪಾನವಾಗಿ ಎತ್ತಿಟ್ಟಿದ್ದೇನೆ.

ಅದೇ ದಿನ ಮಧ್ಯಾಹ್ನ ಮೂರಕ್ಕೆ ಶಸ್ತ್ರವೈದ್ಯರು ಹೃದಯ ಒಯ್ಯುವ ಪೆಟ್ಟಿಗೆ ಹಿಡಿದು ಬಂದರು. ರಕ್ತದೊತ್ತಡ ತುಂಬಾ ಹೊತ್ತು ಕುಸಿದುಹೋಗಿದೆ, ಈ ಹೃದಯ ಇನ್ನು ಕಸಿಗೆ ಆಗದು ಎಂದು ಖಾಲಿ ಪೆಟ್ಟಿಗೆಯನ್ನೇ ಹಿಡಿದು ಹೋದರು. ಬೆಳಿಗ್ಗೆ ಅಣ್ಣ ಸತ್ತ. ಮಧ್ಯಾಹ್ನ ಅವನನ್ನು ಇನ್ನೊಮ್ಮೆ ಸಾಯಿಸಿದವರು ತಾವು.

ಆದ್ದರಿಂದ ತಾವು ಕೃಪೆಯಿಟ್ಟು ಸಮಸ್ತ ಹೃದಯಗಳಿಗೂ ಒಂದು ಸುತ್ತೋಲೆ ಹೊರಡಿಸಿ, ಯಾವ ಮೂಲೆಗೆ ತಳ್ಳಿದರೂ ಒಂದೇ ಸಮನೆ ಬಡಿಯತಕ್ಕದ್ದು, ಸೋಲುವುದಿದ್ದರೆ ಮೂರು ದಿನ ಮುಂಚಿತವಾಗಿ ಲಿಖಿತದಲ್ಲಿ ತಿಳಿಸತಕ್ಕದ್ದು ಎಂದು ಆಜ್ಞಾಪಿಸಬೇಕು. ಅದು ಕಷ್ಟವಾದರೆ ಆ ಅಂಕಣದ ಕೆಳಗೆ ಇನ್ನೊಂದು ಗೆರೆ ಎಳೆಸಿ, 'ಇವನಿಂದ ಸುಧಾರಿಸುವವರು ಯಾರು' ಎಂದು ಬರೆಸಿ. ಶಾಯಿ ನಾನು ಕೊಡುತ್ತೇನೆ.

ತಮ್ಮ ಯಾವ ಅಂಕಣದಲ್ಲೂ ಹಿಡಿಯದ,
ಆದರೂ ತಮ್ಮ ವಿಶ್ವಾಸಿ,
ಹದಿನಾಲ್ಕನೇ ಹಾಸಿಗೆಯ ತಂಗಿ

ಮರೆತಿದ್ದೆ: ನಿನ್ನೆ ತಮ್ಮ ಕಚೇರಿಯಿಂದ ಅಭಿನಂದನಾ ಪತ್ರ ಬಂತು. 'ತಮ್ಮ ಬಂಧುವಿನ ಹೃದಯ ಇನ್ನೊಬ್ಬರಲ್ಲಿ ಮಿಡಿಯುತ್ತಿದೆ' ಎಂದು ಅಂದವಾಗಿ ಅಚ್ಚಾಗಿದೆ. ಹೃದಯ ಯಾರಿಗೂ ಸಿಗಲಿಲ್ಲವೆಂದು ಅಮ್ಮನಿಗೆ ನಾನಿನ್ನೂ ಹೇಳಿರಲಿಲ್ಲ; ನಾನು ಕೈಗೆತ್ತಿಕೊಳ್ಳುವ ಮೊದಲೇ ಅವಳು ಅದನ್ನು ಓದಿಬಿಟ್ಟಳು. ಆ ಮನುಷ್ಯನ ಎದೆಗೆ ಒಮ್ಮೆ ಕಿವಿಯಿಟ್ಟು ಕೇಳಬೇಕೆಂದು ಹಟ ಹಿಡಿದಿದ್ದಾಳೆ. ಅವಳನ್ನು ಯಾವ ಹಾಸಿಗೆಯ ಬಳಿಗೆ ಕರೆತರಲಿ, ಹಂಚಿಕೆ ಮಾಡಿ ತಿಳಿಸಿ.